ಮೇಡಂ ಕುರ್ಚಿಯಲ್ಲಿ ಪ್ರಿಂಟರ್

ಬಾಗಿಲು ತಟ್ಟಿ ಒಳಗೆ ಬರುವವರನ್ನು ನೋಡಿರುತ್ತೀರಿ, ಒದ್ದು ಬರುವವರನ್ನೂ ನೋಡಿರುತ್ತೀರಿ. ಗೋಡೆಯಲ್ಲೇ ಬಾಗಿಲು ಕೊರೆದವನನ್ನು ನೋಡಿದ್ದೀರಾ? ನೋಡಿಕೊಳ್ಳಿ, ನಾನೇ! ಮಂಚದ ಕೆಳಗೆ ಧೂಳು ತಿನ್ನುತ್ತಿದ್ದ, ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಎಬ್ಬಿಸಿ, ಸರ್ವರ್ ಮಾಡಿ, ನಮ್ಮ ಮನೆಯ ಬಟ್ಟೆ ಬೀರುವನ್ನು ಪ್ರಪಂಚದ ಯಾವ ಮೂಲೆಯಿಂದ ಬೇಕಾದರೂ ನೋಡುವ ಹಾಗೆ ಮಾಡಿದ ಗಂಡು ನಾನೊಬ್ಬನೇ. ಯಾರ ಸಹಾಯವೂ ಇಲ್ಲ. ಚಪ್ಪಾಳೆ ಮಾತ್ರ ಕೊನೆಗೆ ಇಟ್ಟುಕೊಳ್ಳಿ.

ಪ್ರಪಂಚ ನೋಡಬೇಕಿರಲಿಲ್ಲ ಬಿಡಿ. ಅಕ್ಕನೊಬ್ಬಳು ನೋಡಿದರೆ ಸಾಕಿತ್ತು. ಅವಳು ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯಲ್ಲಿ ಮಗು, ಏರಿದ ಬಿಪಿ, ಮಂಚ ಬಿಟ್ಟು ಇಳಿಯುವಂತಿಲ್ಲ. ಇತ್ತ ಮನೆಯಲ್ಲಿ ಅವಳ ಬೆಕ್ಕೂ ಬಸುರಿ. ಬೆಕ್ಕಿನ ಹೆಸರು ಮೇಡಂ. ನಡಿಗೆ ನೋಡಿದ್ದರೆ ನೀವೂ ಹಾಗೇ ಕರೆಯುತ್ತಿದ್ದಿರಿ. ಹೋದ ಸಲ ಮೇಡಂ ಮರಿ ಹಾಕುವಾಗ ಅಕ್ಕ ಪಕ್ಕದಲ್ಲೇ ಕೂತು ಬೆನ್ನು ಸವರಿದ್ದಳು. ಈ ಸಲ ಫೋನಿನಲ್ಲಿ ಮುಸಿಮುಸಿ ಅಳು.

“ನಾನಿಲ್ದೆ ಅದು ಹೆದರ್ಕೊಂಡಿರತ್ತೆ ಕಣೋ. ಕಣ್ಣಾರೆ ಒಂದ್ಸಲ ನೋಡಿದ್ರೆ ನನಗೆ ನಿದ್ದೆ ಬರತ್ತೆ.”

“ಬೆಕ್ಕಿಗೋಸ್ಕರ ಅಳ್ತೀಯಾ? ಕಣ್ಣೀರಿಗೂ ಒಂದು ಲೆವೆಲ್ ಇರತ್ತೆ ಅಕ್ಕಾ! ಈ ತಮ್ಮ ಇರೋವರೆಗೂ ನಿನ್ನ ಬೆಕ್ಕಿನ ಮೀಸೇನೂ ಅಲ್ಲಾಡಲ್ಲ.”

“ಮೀಸೆ ಅಲ್ಲಾಡ್ಲಿ ಬಿಡೋ. ಬದುಕಿದೆ ಅಂತಾದ್ರೂ ಗೊತ್ತಾಗತ್ತೆ.”

ವಿಡಿಯೋ ಕಾಲ್ ಮಾಡೋಣವೆಂದರೆ, ಎದುರಿಗೆ ಫೋನ್ ಹಿಡಿದ ತಕ್ಷಣ ಮೇಡಂ ಎದ್ದು ಹೋಗುತ್ತಿದ್ದಳು. ಅದಕ್ಕೇ ಬೀರುವಿನ ಕೆಳಗಿನ ಅರೆಯಲ್ಲಿ, ಹಳೇ ಸ್ವೆಟರ್ ಹಾಸಿದ ಅವಳ ಡಬ್ಬದೆದುರು ಪುಟ್ಟ ಕ್ಯಾಮೆರಾ ಇಟ್ಟು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ನನ್ನ ಫೋನಿನಲ್ಲಿ ಲ್ಯಾಪ್‌ಟಾಪಿನ ನಂಬರ್ ಒತ್ತಿದರೆ ಮೇಡಂ ಪ್ರತ್ಯಕ್ಷ! ಅದೇ ನಂಬರನ್ನು ಅಕ್ಕನಿಗೆ ಕಳಿಸಿ ಕಾಲರ್ ಏರಿಸಿದೆ.

“ಸುತ್ತುತ್ತಾನೇ ಇದೆ, ಏನೂ ಬರ್ತಿಲ್ಲ,” ಅಂದಳು.

ಬರುವುದಾದರೂ ಹೇಗೆ? ಅದು ಮನೆಯೊಳಗಿನ ನಂಬರು, ಅಮ್ಮ ನನ್ನನ್ನು ‘ಪುಟ್ಟ’ ಅನ್ನುವ ಹಾಗೆ. ಅಡುಗೆಮನೆಯಿಂದ ಕೂಗಿದರೆ ನಾನು ಓಡಿಬರುತ್ತೇನೆ. ಬೀದಿಯಲ್ಲಿ ನಿಂತು ಕೂಗಿದರೆ ಯಾವ ಪುಟ್ಟ? ಮನೆಗೊಬ್ಬ ಪುಟ್ಟ ಇದ್ದಾನೆ! ಹೊರಗಿನವರಿಗೆ ಕಾಣುವುದು ಮನೆಗೆ ಇಂಟರ್ನೆಟ್ ಹಂಚುವ ರೂಟರ್ ಒಂದೇ. ಅದಕ್ಕೆ ಹೊರಗಿನವರು ಕರೆಯುವಂಥ ಒಂದು ಹೆಸರು ಮಾಡಿಸಿದೆ. ಆಮೇಲೆ ಅಪ್ಪಣೆ ಕೊಟ್ಟೆ: ಈ ಬಾಗಿಲು ತಟ್ಟಿದವರನ್ನು ಸೀದಾ ಹನ್ನೆರಡನೇ ನಂಬರಿಗೆ ಕಳಿಸು. ಹನ್ನೆರಡು ಅಂದರೆ ನಮ್ಮ ಲ್ಯಾಪ್‌ಟಾಪ್. ವೈಫೈ ಆರಿಸಿ, ಬೀದಿಗೆ ಹೋಗಿ ನಿಂತು, ಫೋನಿನ ಡೇಟಾದಲ್ಲಿ ನೋಡಿದೆ. ಬಂತು! ಆ ಖುಷಿಗೆ ಬಚ್ಚಲಿನಲ್ಲಿ ಮನಸಾರೆ ಹಾಡಿ, ಸ್ನಾನ ಮುಗಿಸಿ, ಅಕ್ಕನಿಗೆ ಹೆಸರು, ಪಾಸ್‌ವರ್ಡ್ ಎರಡೂ ಕಳಿಸಿದೆ. ಪಾಸ್‌ವರ್ಡು: ‘ನಾನುಡುಮ್ಮಿ’.

“ಮನೆಗೆ ಬರ್ತೀನಲ್ಲ, ಆಗ ಇದೆ ನಿನಗೆ!”

“ಮೊದ್ಲು ಟೈಪ್ ಮಾಡು, ಆಮೇಲೆ ಡೈಲಾಗ್ ಹೊಡಿ.”

ಅಕ್ಕ ಹೆಸರು ಟೈಪ್ ಮಾಡಿದಳು. “ಪಾಸ್‌ವರ್ಡೇ ಕೇಳ್ಲಿಲ್ವಲ್ಲೋ. ಇಂಕ್ ಖಾಲಿ ಆಗ್ತಾ ಬಂದಿದೆ ಅಂತಿದೆ.”

“ಯಾರದ್ದು?”

“ನಿನ್ನ ತಲೇದು! ಪ್ರಿಂಟರ್ ಚಿತ್ರ ಬಂದಿದೆ ಇಲ್ಲಿ.” ಅವಳ ದನಿ ಸಣ್ಣಗಾಯಿತು. “ಮೇಡಂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂದ್ಲು ಅಮ್ಮ. ಇವತ್ತೇ ಮರಿ ಹಾಕತ್ತೆ ಅನ್ಸತ್ತೆ. ಬೇಗ ಏನಾದ್ರೂ ಮಾಡೋ.”

ಹಾಲ್‌ಗೆ ಓಡಿದೆ. ಅಮ್ಮ ಕೈಚೀಲದಿಂದ ತರಕಾರಿ ತೆಗೆಯುತ್ತಿದ್ದಳು. ಹೊಸ್ತಿಲು ದಾಟುವ ಮುಂಚೆ ಕಣ್ಣಿಗೆ ಬಿದ್ದ ಸ್ವಿಚ್ಚನ್ನೆಲ್ಲ ಆರಿಸುವುದು ಅವಳ ಅಭ್ಯಾಸ.

“ಅಮ್ಮಾ, ರೂಟರ್ ಆರಿಸಿದ್ಯಾ?”

“ಆರಿಸ್ದೆ. ಬಂದು ಹಾಕ್ದೆ. ಪ್ರಿಂಟರ್ರೂ ಹಾಕ್ದೆ, ನಿನ್ನ ಡಬ್ಬಾ ಲ್ಯಾಪ್‌ಟಾಪ್ ಗುಂಡೀನೂ ಒತ್ತಿದೀನಿ. ಏನೀಗ?”

“ಮುಗೀತು! ರೂಟರ್ ಎದ್ದವರಿಗೆ ಎದ್ದ ಹಾಗೆ ನಂಬರ್ ಹಂಚತ್ತೆ. ಮೊದ್ಲು ಎದ್ದಿದ್ದು ಪ್ರಿಂಟರು. ಅದು ಹೋಗಿ ಲ್ಯಾಪ್‌ಟಾಪ್ ನಂಬರಲ್ಲಿ ಕೂತಿದೆ! ನೀನು ಆರಿಸಿ ಹಾಕಿದಾಗೆಲ್ಲ ಇದೇ ಕಥೆ!”

“ಕೂರದೆ ಏನ್ಮಾಡತ್ತೆ? ನೀನು ಊಟಕ್ಕೆ ಮೊದ್ಲು ಬಂದೆ ಅಂತ ಅಕ್ಕನ ಕುರ್ಚೀಲಿ ಕೂರಲ್ವಾ? ಹಾಗೇ! ಅವಳು ಮನೇಲಿ ಇರ್ಲಿ, ಬಿಡ್ಲಿ, ಆ ಕುರ್ಚಿ ಅವಳದ್ದೇ ಅಂತ ಬಿಟ್ಟಿರ್ಬೇಕು.”

ಅಕ್ಕ ಆಸ್ಪತ್ರೆಗೆ ಹೋದ ದಿನದಿಂದ ಅಮ್ಮ ಆ ಕುರ್ಚಿಯನ್ನು ಯಾರಿಗೂ ಕೊಟ್ಟಿರಲಿಲ್ಲ, ನಾನು ಕೂತರೂ ಎಬ್ಬಿಸುತ್ತಿದ್ದಳು. ನಾನು ಅಮ್ಮನ ಮುಖ ನೋಡಿದೆ, ಕುರ್ಚಿ ನೋಡಿದೆ, ರೂಟರಿನ ಪುಟ ತೆರೆದೆ. ಯಾರಿಗೆ ಯಾವ ನಂಬರ್ ಕಾಯಂ ಎಂದು ಬರೆಯುವ ಜಾಗ ಅಲ್ಲೇ ಇತ್ತು. ಹನ್ನೆರಡು ಲ್ಯಾಪ್‌ಟಾಪಿಗೇ, ಅದು ಎದ್ದಿರಲಿ, ಮಲಗಿರಲಿ ಎಂದು ಬರೆದು, ಪ್ರಿಂಟರ್, ಲ್ಯಾಪ್‌ಟಾಪ್ ಎರಡನ್ನೂ ಮತ್ತೆ ಆರಿಸಿ ಹಾಕಿದೆ.

“ಈಗ ನೋಡಕ್ಕಾ!”

ಡುಮ್ಮಿ ಪಾಸ್‌ವರ್ಡ್ ಒತ್ತಿದಳು. ಒಮ್ಮೆಗೇ ಕಿರುಚಿದಳು. “ಲೋ, ಶುರುವಾಗಿದೆ ಕಣೋ! ಹೋಗೋ, ಬೆನ್ನು ಸವರೋ!”

ಹೋದೆ. ಮಂಡಿಯೂರಿ ಕೂತೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಟ್ರೇಲರ್. ನಿಜ ಇಷ್ಟೇ: ಗೋಡೆಯಲ್ಲಿ ಬಾಗಿಲು ಕೊರೆದವನು ನಾನಿರಬಹುದು, ದಾರಿ ತೋರಿಸಿದ್ದು ಅಮ್ಮನ ಬೈಗುಳ. ಇನ್ನೊಂದು ವಿಷಯ ಹೇಳಬಾರದು ಅಂದುಕೊಂಡಿದ್ದೆ. ಒದ್ದೆಯಾದ ಮೊದಲ ಮರಿ ನನ್ನ ಬೆರಳಿಗೆ ಮೂಗು ತಾಗಿಸಿತು ನೋಡಿ, ಕ್ಯಾಮೆರಾ ಇರುವುದನ್ನೇ ಮರೆತು ಗೊಳೋ ಅಂತ ಅತ್ತುಬಿಟ್ಟೆ. ಮೂಗು ಒರೆಸಿಕೊಂಡಿದ್ದು ಮೇಡಂ ಸ್ವೆಟರಿಗೆ.

ಫೋನಿನಲ್ಲಿ ಅಕ್ಕನ ನಗು ಕೇಳಿಸಿತು. “ಕಣ್ಣೀರಿಗೂ ಒಂದು ಲೆವೆಲ್ ಇರತ್ತೆ, ತಮ್ಮಾ!” ಅಂದಳು. ಮೂರನೇ ಮರಿ ಬರುವಷ್ಟರಲ್ಲಿ ಆ ಕಡೆಯಿಂದ ಸಣ್ಣಗೆ ಗೊರಕೆ.

ಮಾರನೇ ದಿನ ಅಕ್ಕನ ಅಪ್ಪಣೆಯಂತೆ ಪಾಸ್‌ವರ್ಡ್ ಬದಲಾಯಿತು. ಈಗ ಅದು ‘ನಾನುಅಳುಮುಂಜಿ’. ಮರಿಗಳನ್ನು ನೋಡಬೇಕೆನಿಸಿದಾಗೆಲ್ಲ ನಾನೂ ಅದನ್ನೇ ಟೈಪ್ ಮಾಡಬೇಕು.