ಚಿಲ್ಲರೆ ಚೀಲ

ಪರ್ಸಣ್ಣನಿಗೆ ತಮ್ಮನ ಮುಖ ಕಂಡರಾಗುತ್ತಿರಲಿಲ್ಲ. ಅಪ್ಪ ಬಿಟ್ಟುಹೋದ ಒಂದೇ ಮಳಿಗೆಗೆ ನಡುವೆ ಹಲಗೆ ಹೊಡೆಸಿ ಎರಡು ಮಾಡಿಕೊಂಡಿದ್ದರು. ಈಚೆ ಇವನು ಚರ್ಮದ ಪರ್ಸು ಹೊಲಿಯುತ್ತಿದ್ದ, ಆಚೆ ತಮ್ಮನು ಊರವರ ಹರಿದ ಬಟ್ಟೆಗೆ ತೇಪೆ ಹಾಕುತ್ತಿದ್ದ. "ನಂದು ಕಸುಬು, ಅವನದು ಚಿಂದಿ ವ್ಯಾಪಾರ" ಎಂದು ಹಲಗೆಯಾಚೆಗೆ ಕೇಳಿಸುವಂತೆಯೇ ಹೇಳುವುದು ಪರ್ಸಣ್ಣನ ಚಾಳಿ.

ಅಂಥ ಹೊತ್ತಿನಲ್ಲಿ ಸರ್ಕಾರ ಸಣ್ಣ ನೋಟುಗಳನ್ನೆಲ್ಲ ವಾಪಸು ಪಡೆದು ನಾಣ್ಯ ಬಿಟ್ಟಿತು. ಕಾಗದ ಬೇಗ ಹರಿಯುತ್ತದೆ, ಲೋಹ ಬಾಳಿಕೆ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಹರಿದದ್ದು ಜನರ ಜೇಬು. ಬಸ್ಸಿಗೆ, ಹಾಲಿಗೆ, ಕ್ಷೌರಕ್ಕೆ ಎಲ್ಲಕ್ಕೂ ಬಿಲ್ಲೆಗಳೇ. ಪರ್ಸಣ್ಣನ ಮಡಚುವ ಪರ್ಸಿಗೆ ಅವನ್ನು ತುಂಬಿದರೆ ಕಪ್ಪೆಯ ಹಾಗೆ ಉಬ್ಬಿ ಗುಂಡಿ ಕಿತ್ತು ಬರುತ್ತಿತ್ತು. ಕೊಂಡವರು ತಂದು ಮುಖಕ್ಕೆ ಹಿಡಿದರು.

ಹಲಗೆಯಾಚೆ ತಮ್ಮನು ಉಳಿದ ತುಂಡುಬಟ್ಟೆಯಲ್ಲಿ, ದಾರ ಎಳೆದರೆ ಬಾಯಿ ಮುಚ್ಚುವ ಚೀಲ ಹೊಲಿದು ಬಾಗಿಲಿಗೆ ನೇತುಹಾಕಿದ. ಜನ ಮುಗಿಬಿದ್ದರು.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲೋ!" ಪರ್ಸಣ್ಣ ಬೀದಿಗಿಳಿದು ಕೂಗಿದ.

"ನೀನೂ ಹೊಲಿ. ಬೇಡ ಅಂದೋರ್ಯಾರು?"

"ಚಿಂದಿ ಹೊಲಿಯೋಕೆ ನಾನೇನು ಕೈಲಾಗದೋನಾ?"

"ಕೈಲಾಗೋರು ನೊಣ ಹೊಡೀತಾ ಕೂತಿರೋದು ಕಾಣ್ತಿದೆ ಬಿಡು" ಎಂದ ತಮ್ಮ. ಸಾಲಿನಲ್ಲಿದ್ದವರು ಗೊಳ್ಳೆಂದರು.

ಆ ನಗು ಪರ್ಸಣ್ಣನಿಗೆ ಮುಳ್ಳಿನಂತೆ ಚುಚ್ಚಿತು. ಮಾರನೆಯ ಬೆಳಿಗ್ಗೆ ತಮ್ಮನು ದಾರ ತರಲು ಹೋದಾಗ ಚರ್ಮ ಕೊಯ್ಯುವ ಕತ್ತಿ ಹಿಡಿದು ಆಚೆ ನುಗ್ಗಿದ. ಕೈಗೆ ಸಿಕ್ಕ ಚೀಲಗಳ ತಳದ ಹೊಲಿಗೆಯನ್ನು ಒಳಗಿನಿಂದ ಕೊಯ್ದು, ಅನುಮಾನ ಬಾರದಿರಲೆಂದು ಅಲ್ಲೊಂದು ಇಲ್ಲೊಂದು ಎಳೆ ಬಿಟ್ಟ. ಆ ದಿನವೆಲ್ಲ ಅವನಿಗೆ ಹಾಯೆನಿಸಿತು.

ಅದೇ ವಾರ ಅವನ ಹೆಂಡತಿ ಕುಂಟುತ್ತ ಮನೆಗೆ ಬಂದಳು. ಬಸ್ಸಿನಲ್ಲಿ ಚೀಲ ತೆಗೆದಿದ್ದೇ ತಡ, ತಳ ಬಿಚ್ಚಿ ನಾಣ್ಯಗಳೆಲ್ಲ ಸೀಟಿನಡಿ ಉರುಳಿದ್ದವು. ಮಂಡಿಯೂರಿ ಹೆಕ್ಕುವಾಗ ಡ್ರೈವರು ಬ್ರೇಕು ಹಾಕಿದ್ದ. ಕಂಬಿಗೆ ಬಡಿದು ಮಂಡಿ ಊದಿಕೊಂಡಿತ್ತು. "ಇದು ಬಸ್ಸಮ್ಮಾ, ನಿಮ್ಮನೆ ಅಂಗಳ ಅಲ್ಲ" ಎಂದು ಕಂಡಕ್ಟರು ರೇಗಿದ್ದ. ಒಬ್ಬನಂತೂ ನಾಣ್ಯದ ಮೇಲೆ ಕಾಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದನಂತೆ.

"ಅವನ ಹತ್ರ ಯಾಕೆ ಕೊಂಡೆ?" ಪರ್ಸಣ್ಣನ ಬಾಯಿಂದ ಬಂದ ಮೊದಲ ಮಾತು ಅದು. "ನೋಡ್ದ್ಯಾ ನಿನ್ನ ಮೈದುನನ ಹೊಲಿಗೆ!"

ಅವಳು ಚೀಲವನ್ನು ಅವನ ತೊಡೆಯ ಮೇಲೆ ಎಸೆದಳು. "ಇದು ಹರಿದಿದ್ದಲ್ಲ, ಕೊಯ್ದಿದ್ದು. ನಿಮ್ಮ ಪಕ್ಕ ಕೂತು ಚರ್ಮ ಕತ್ತರಿಸ್ತಾ ನನ್ನ ಕೂದಲು ಹಣ್ಣಾಗಿದೆ. ಯಾರ ಕೈ ಅಂತ ನನಗೆ ತಿಳಿಯಲ್ವಾ?"

ಪರ್ಸಣ್ಣ ಚೀಲವನ್ನು ತೊಡೆಯಿಂದ ಕೆಳಗಿಟ್ಟ. "ನಿನಗೆ ಅಂತ ಮಾಡಿದ್ದಲ್ಲ ಕಣೇ..."

"ಮತ್ಯಾರಿಗೆ? ನನ್ನಂಥ ಇನ್ಯಾರಿಗೋ ತಾನೇ? ಅವಳ ಮಂಡಿ ಒಡೆದ್ರೆ ಪರವಾಗಿಲ್ವಾ?"

ಬೆಳಿಗ್ಗೆ ಅವಳು ಹಲಗೆಯಾಚೆಗೆ ಹೋಗಿ ಮೈದುನನಿಗೆ ಎಲ್ಲವನ್ನೂ ಹೇಳಿದಳು. ಅವನು ಉಳಿದ ಚೀಲಗಳನ್ನು ತಡಕಿದ. ಇನ್ನೂ ಕೆಲವಕ್ಕೆ ಕತ್ತಿ ಬಿದ್ದಿತ್ತು. ಅಣ್ಣನ ಬಾಗಿಲಿಗೆ ಬಂದವನು ಕೂಗಾಡಲಿಲ್ಲ. "ಇವತ್ತಿಗೆ ನೀನ್ಯಾರೋ, ನಾನ್ಯಾರೋ. ಅತ್ತಿಗೆ ಮಾತ್ರ ಅತ್ತಿಗೇನೇ" ಎಂದಷ್ಟೇ ಹೇಳಿ ಹೋದ. ಅತ್ತಿಗೆಗೆಂದು ಇನ್ನೊಂದು ಮಿಷನ್ನು ತರಿಸಿದ.

ಅವಳು ಹಗಲೆಲ್ಲ ಆಚೆ ಕೂತು ಚೀಲ ಹೊಲಿಯುತ್ತಿದ್ದಳು; ಮನೆಯಲ್ಲಿ ಅಡುಗೆ ಮಾಡಿಡುತ್ತಿದ್ದಳು, ಗಂಡನೊಡನೆ ಮಾತಾಡುತ್ತಿರಲಿಲ್ಲ. ಕೊನೆಗೆ ಪರ್ಸಣ್ಣ ಬಿಗುಮಾನ ಬಿಟ್ಟು ಚರ್ಮದಲ್ಲೇ ನಾಣ್ಯದ ಚೀಲ ಹೊಲಿಯತೊಡಗಿದ. ಗಟ್ಟಿ ಮಾಲು, ಕೊಳ್ಳುವವರು ಬಂದರು. ಅಂಚು ಕತ್ತರಿಸಲು ಕೈ ಸಾಲದಾಯಿತು.

ಒಂದು ದಿನ ಹಲಗೆ ತಟ್ಟಿ, "ಕೆಲಸ ಬೇಕಾದಷ್ಟಿದೆ. ಈಚೆ ಬಾರೇ" ಎಂದ.

ಆಚೆ ಮಿಷನ್ನು ನಿಂತಿತು. "ಕೂಲಿಗೆ ಜನ ಸಿಗ್ತಾರೆ, ಇಟ್ಕೊಳ್ಳಿ" ಎಂದಳು ಅವಳು. ಮಿಷನ್ನು ಮತ್ತೆ ಶುರುವಾಯಿತು.