ಬೀಜ ಕೂತಿದೆಯಂತೆ

ನೊರೆ, ಮತ್ತೆ ಉಕ್ಕಿತು, ಈ ಕೆಂಪು ಕಾಳು ಬೇಯುವಾಗ ಕಣ್ಣು ಅತ್ತಿತ್ತ ತೆಗೆಯುವ ಹಾಗಿಲ್ಲ, ಒಲೆಯ ತುಂಬ ಬಿಳಿ, ಥೂ, ಇವತ್ತು ಎಲ್ಲಿ ನೋಡಿದರೂ ಬಿಳಿಯೇ — ಹಬ್ಬದ ಕೆಂಪು ಅನ್ನ ಮಾಡೇ ಚಿಜುರು, ಬೀಜ ಕೂತಿದೆ, ಕೂತೇಬಿಟ್ಟಿದೆ ಎಂದು ಚಿಪ್ಪನ್ನು ಪಾತ್ರೆ ತೊಳೆಯುವ ತೊಟ್ಟಿಯಲ್ಲಿಟ್ಟು ಓಡಿದ ನಮ್ಮ ಯಜಮಾನರು, ಟೊಕುಜೋ ಮಹಾರಾಯರು, ದೋಣಿಕಟ್ಟೆಯಲ್ಲಿ ಡಂಗುರ ಸಾರುತ್ತಿದ್ದಾರೆ, ಹಿರೋಶಿಮಾ ಕೊಲ್ಲಿಗೆಲ್ಲ ಕೇಳಿಸಬೇಕು, ನೀವೆಲ್ಲ ದೂರದ ಮಿಯಾಗಿಯಿಂದ ಬೀಜ ತರಿಸ್ಕೊಳ್ರಪ್ಪ, ನಮಗೆ ನಮ್ಮ ನೀರಲ್ಲೇ ಕೂತಿದೆ — ಕೂತಿದೆಯಂತೆ! ಬೀಜ ಅಂದರೆ ಸಿಂಪಿಯ ಮರಿ, ನೀರಿನಲ್ಲಿ ಅಲೆದೂ ಅಲೆದೂ ಕೊನೆಗೆ ನಾವು ಸರ ಮಾಡಿ ಇಳಿಬಿಟ್ಟ ಬೀಸಣಿಗೆಚಿಪ್ಪಿನ ಮೇಲೆ ಅಂಟಬೇಕು, ಅಂಟಿದರೆ ಸಿಂಪಿ, ಇಲ್ಲವಾದರೆ ತೆಪ್ಪ ಖಾಲಿ, ನಿಜವಾಗಿ ಅಂಟಿದ್ದು ಕಂದು, ಚಪ್ಪಟೆ, ಇದು ನೋಡಿದರೆ ಬಿಳಿ, ದುಂಡಗೆ, ಕನ್ನಡಕ ಹಾಕ್ಕೊಳ್ಳಿ ಅಂದರೆ ನಾನೇನು ಮುದುಕನಾ ಅನ್ನುತ್ತಾರೆ, ಅವರಿಗೆ ಬಿಳಿಯೂ ಒಂದೇ ಕಂದೂ ಒಂದೇ.

ಮೀನುಗಾರಿಕೆ ಪರೀಕ್ಷಾಲಯದ ಆ ನಾಗಾವೋ ಹುಡುಗಿ ಹೋದ ವಾರ ಸೂಕ್ಷ್ಮದರ್ಶಕ ಹೊತ್ತುಕೊಂಡು ಬಂದಾಗಲೂ ಅಷ್ಟೇ, ಇವರು ಬಗ್ಗಿ ನೋಡಲಿಲ್ಲ, ನಾನು ನೋಡಿದೆ, ನೋಡಿ ಅಕ್ಕಾ, ಒಂದೇ ದಿನದ ಮರಿ, ಅರ್ಧಚಂದ್ರದ ಥರ ಇರ್ಬೇಕು, ಈ ಪಕ್ಕದ ಗೆರೆ ನೆಟ್ಟಗಿರ್ಬೇಕು — ನೆಟ್ಟಗೆಲ್ಲಿತ್ತು, ತಗ್ಗುಬಿದ್ದಿತ್ತು, ಎರಡು ಚಿಪ್ಪು ಒಂದಕ್ಕೊಂದು ಕೂಡುತ್ತಲೇ ಇಲ್ಲ, ಬಾಯಿ ಮುಚ್ಚಲಾರದ ಮರಿ, ಅದರ ಪಕ್ಕದಲ್ಲಿ ಇನ್ನೊಂದು ಕೊಂಚ ದೊಡ್ಡದು, ಅದರ ಹೊಟ್ಟೆಯಲ್ಲಿ ಏನೋ ಬಿಳಿ ಚೂರು, ಹೊಟ್ಟೆ ತುಂಬ್ತು ಅಂತ ತಿನ್ನೋದನ್ನೇ ಬಿಡ್ತವೆ ಅಕ್ಕಾ, ಬೆಳೆಯಲ್ಲ, ಎಲ್ಲಿಂದ ಬಂತಮ್ಮ ಇದು ಎಂದೆ, ಪಾಪ ಹುಡುಗಿ, ಕಿಟಕಿಯಾಚೆ ನಮ್ಮ ತೆಪ್ಪದ ಕಡೆ ನೋಡಿದಳು, ತೆಪ್ಪದಡಿಯ ಥರ್ಮಾಕೋಲ್ ತೇಲುಗಳ ಕಡೆ, ಅಲೆ ಅರೆದು ಕಡಲಕಾಗೆ ಕುಕ್ಕಿ ಪುಡಿಪುಡಿ, ಬಿಳಿ ಕಾಳು ಕಾಳಾಗಿ ನೀರಿಗೆ ಉದುರುತ್ತವೆ, ಅವಕ್ಕೆ ಹೊದಿಕೆ ಹಾಕಿ ಎಂದು ಪ್ರತಿ ವಸಂತದಲ್ಲೂ ಬಾಯಿ ನೋಯಿಸಿಕೊಂಡಿದ್ದೇನೆ, ಇವರದ್ದು ಒಂದೇ ಮಾತು, ಮುಂದಿನ ವರ್ಷ ನೋಡೋಣ ಕಣೇ, ನಮ್ಮನ್ನ ತೇಲಿಸ್ತಿರೋದೇ ಅದು, ಅದನ್ನೇ ಬೈತೀಯಲ್ಲ — ತೇಲಿಸುತ್ತಿದೆ ನೋಡಿ, ಚೆನ್ನಾಗಿ ತೇಲಿಸುತ್ತಿದೆ!

ಅತ್ತೆ ಇದ್ದಿದ್ದರೆ ಹೆಬ್ಬೆರಳು ಇರೋದು ಯಾಕೇ, ಉಜ್ಜಿ ನೋಡು ಅನ್ನುತ್ತಿದ್ದರು, ನಿಜವಾದ ಬೀಜ ಗರಗರ ಅನ್ನುತ್ತದೆ, ಜಪ್ಪಯ್ಯ ಅಂದರೂ ಕದಲುವುದಿಲ್ಲ, ಸೊಸೆಯಾಗಿ ಬಂದ ವರ್ಷ ಅವರು ನನ್ನ ಕೈ ಹಿಡಿದು ಉಜ್ಜಿಸಿದ್ದರು, ಹೆಬ್ಬೆರಳು ಉರಿದು ಕೆಂಪಾಗಿತ್ತು, ಎಷ್ಟು ಖುಷಿಯಾಗಿತ್ತು ನನಗೆ — ಈಗ ಉಜ್ಜಲು ಭಯ, ಉಜ್ಜದೆ ಇರುವವರೆಗೆ ಬೀಜವೇ, ಅಯ್ಯೋ ನಾನೂ ಅವರ ಹಾಗೇ ಆದೆನಲ್ಲ, ಹೊರಗೆ ಯಾರೋ ನಗುತ್ತಿದ್ದಾರೆ, ಟೊಕುಜೋ, ಸಾಕೆ ಮದ್ಯ ಕುಡಿಸೋ, ಬರೀ ಅನ್ನದಲ್ಲಿ ಮುಗಿಸ್ಬೇಡ, ಇವರು ಕೂಗುತ್ತಾರೆ ಅನ್ನ ಆಯ್ತೇನೇ, ಆಗುತ್ತೆ ಇರಿ, ಚಿಪ್ಪು ತಣ್ಣಗಿದೆ, ಲೋಳೆ ಲೋಳೆ, ಉಜ್ಜಿದೆ, ಉರುಳಿತು, ಇನ್ನೊಂದು, ಅದೂ ಉರುಳಿತು, ಗರಗರ ಇಲ್ಲ, ಏನೂ ಇಲ್ಲ, ಚಿಪ್ಪು ನುಣ್ಣಗೆ, ಒಂದು ಕಾಳು ಮಾತ್ರ ಉಗುರಿನ ಸಂದಿಗೆ ಸೇರಿದೆ, ನಲ್ಲಿ ತಿರುಗಿಸಲು ಹೋದ ಕೈ ನಿಂತಿದೆ, ತೊಳೆದರೆ ಇದೂ ಸಮುದ್ರಕ್ಕೇ ಹೋಗುತ್ತದೆ, ಅನ್ನ ಆಯ್ತೇನೇ ಚಿಜುರು, ಹೆಬ್ಬೆರಳನ್ನು ಎತ್ತಿ ಹಿಡಿದು ನಿಂತಿದ್ದೇನೆ, ಉಗುರಿನಲ್ಲಿ ಅದು, ಬಿಳಿ, ದುಂಡಗೆ, ಬಿಳಿ