ಬಸ್ಸಿನಲ್ಲಿ ಕೂಗಲಾಗದ ಸುದ್ದಿ

ಶಿರೂರಿನ ಪಂಚಾಯ್ತಿಯ ಹಿಂದಿನ ಕೋಣೆಗೆ ಕಂಪ್ಯೂಟರ್ ಬಂದದ್ದು ಎಂಬತ್ತೆಂಟರಲ್ಲಿ. ಬಾಗಲಕೋಟೆಯಲ್ಲೊಂದು, ನಮ್ಮಲ್ಲೊಂದು, ಗುಳೇದಗುಡ್ಡದಲ್ಲೊಂದು. ಮೂರೂ ಸೇರಿ ಒಂದು ಜಾಲ ಎಂದು ಅವನ್ನು ಕೊಟ್ಟ ಸಂಸ್ಥೆಯವರು ಹೇಳಿದ್ದರು. ಟೆಲಿಫೋನ್ ತಂತಿ ಬರಲೇ ಇಲ್ಲ. ಮೂರನ್ನೂ ಜೋಡಿಸಿದ್ದು ಬಸ್ಸು. ಬಾಗಲಕೋಟೆಯಲ್ಲಿ ಸುದ್ದಿ ತುಂಬಿದ ಫ್ಲಾಪಿಯನ್ನು ಕಂಡಕ್ಟರ್ ಗಾಳೆಪ್ಪ ತಂದುಕೊಡುತ್ತಿದ್ದ. ಕರೆಂಟು ಬರುವವರೆಗೆ ಧೂಳು ಒರೆಸುತ್ತ ಕೂತಿದ್ದು, ಬಂದ ಮೇಲೆ ಆ ಸುದ್ದಿಯನ್ನು ಅಚ್ಚು ಮಾಡಿ ಬಾಗಿಲಿಗೆ ಅಂಟಿಸುತ್ತಿದ್ದೆ. ಬಿ.ಎ. ಮುಗಿಸಿ ಮನೆಯಲ್ಲಿ ಕೂತವಳಿಗೆ ಸಿಕ್ಕ ಕೆಲಸ ಅದು.

ಆದರೆ ಮೆಣಸಿನಕಾಯಿ, ಹತ್ತಿಯ ಧಾರಣೆಯನ್ನೆಲ್ಲ ಗಾಳೆಪ್ಪ ಬಸ್ಸಿನಲ್ಲೇ ಕೂಗುತ್ತ ಬರುತ್ತಿದ್ದ. ನಾನು ಅಂಟಿಸುವ ಹೊತ್ತಿಗೆ ಅದು ಹಳೇ ಸುದ್ದಿ.

"ನಿಮ್ಮ ಡಬ್ಬಿಕಿಂತ ಗಾಳೆಪ್ಪನ ಗಂಟ್ಲಾ ಚಲೋ ಐತಿ ಬಿಡ್ರಿ ಅಕ್ಕಾರ," ಎಂದು ಪಂಚಾಯ್ತಿಯ ಹಿರಿಯರಾದ ಹೊಳಬಸಪ್ಪನವರು ನಗುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ಓಣಿಯ ಶೇಖವ್ವ ಖಾಲಿ ಕೊಡ ಹಿಡಿದು ಒಳಗೆ ಬಂದಳು. ಗೋಡೆ ನೋಡುತ್ತ ಕೇಳಿದಳು: "ಬಾಗಲಕೋಟಿ ದವಾಖಾನ್ಯಾಗ ಹೆಣ್ಣ ಡಾಕ್ಟರ ಯಾವತ್ತ ಇರ್ತಾರಂತ ಇದರಾಗ ಬರ್ತೈತೇನ್ರಿ? ಗಂಡಸರ ಮುಂದ ಹೇಳೂ ಬ್ಯಾನಿ ಅಲ್ರಿ ನಂದು."

ಡಾಕ್ಟರಮ್ಮ ಬರುವ ದಿನ ವಾರವಾರವೂ ಬದಲಾಗುತ್ತಿತ್ತು. ತಿರುಗಿ ಹೋಗುವ ಫ್ಲಾಪಿಯಲ್ಲಿ ಬಾಗಲಕೋಟೆಯವರನ್ನು ಕೇಳಿದೆ. ಮರುದಿನ ಉತ್ತರ ಬಂತು. ಆಮೇಲೆ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. ಮಕ್ಕಳಾಗದವರು, ಇನ್ನು ಮಕ್ಕಳು ಸಾಕೆನ್ನುವವರು. ಆ ಸುದ್ದಿಯನ್ನು ನಾನು ಬಾಗಿಲಿಗೆ ಅಂಟಿಸಲಿಲ್ಲ. ಪರದೆ ನೋಡಿ ಮೆಲ್ಲಗೆ ಹೇಳುತ್ತಿದ್ದೆ. ನನಗೂ ಮಾತು ಅಷ್ಟಕ್ಕಷ್ಟೇ. ಅವರಿಗೆ ಅದು ಸರಿಹೋಗಿರಬೇಕು.

ವರ್ಷ ತುಂಬಿತು. ಸಂಸ್ಥೆಯ ಸಾಹೇಬರು ಬಂದು ಸಭೆ ಕರೆದರು.

"ಇನ್ನು ಇದನ್ನು ಊರೇ ನಡೆಸಬೇಕು. ಬೇಡವಾದರೆ ತಗೊಂಡು ಹೋಗ್ತೇವೆ. ಯಾರಿಗೆ ಏನು ಉಪಯೋಗವಾಯ್ತು, ಎದ್ದು ಹೇಳಿ."

"ಧಾರಣಿ ಗಾಳೆಪ್ಪ ಪುಕ್ಕಟ ಹೇಳ್ತಾನ್ರಿ," ಎಂದ ಒಬ್ಬ. ಗಂಡಸರೆಲ್ಲ ನಕ್ಕರು.

"ಹೆಣ್ಣುಮಕ್ಕಳು?"

ಗೋಡೆಗೆ ಆತು ಕೂತ ಹೆಂಗಸರಲ್ಲಿ ಶೇಖವ್ವ ಅರ್ಧ ಎದ್ದಳು. ಪಕ್ಕದಲ್ಲಿದ್ದ ಅತ್ತೆ ಗುರುಸಿದ್ದವ್ವ ತಿರುಗಿ ನೋಡಿದಳು.

"ಆ ಕೋಣ್ಯಾಗ ನಿಂದೇನ ಕೆಲಸಬೇ?"

"ಏನಿಲ್ರೀ ಅತ್ತಿ. ಒಳಗ ತಂಪ ಇರ್ತೈತಿ." ಶೇಖವ್ವ ಕೂತುಬಿಟ್ಟಳು.

ಸಾಹೇಬರು ನನ್ನ ಕಡೆ ನೋಡಿದರು. ಹೆಂಗಸರೂ ನೋಡಿದರು, ಸೆರಗಿನೊಳಗಿಂದ. ಹೆಂಗಸರು ಬರುತ್ತಾರೆ ಎಂದರೆ ಯಾರು, ಯಾತಕ್ಕೆ ಎಂದು ಹೊಳಬಸಪ್ಪನವರು ಕೇಳದೆ ಬಿಡುವವರಲ್ಲ.

"ಧಾರಣಿ ಅಷ್ಟರಿ," ಎಂದೆ.

ಜೀಪು ಬಂದು ಕಂಪ್ಯೂಟರ್ ಒಯ್ದಿತು. ಕೋಣೆಯಲ್ಲಿ ಗೊಬ್ಬರದ ಚೀಲ ಒಟ್ಟಿದರು.

ಎರಡು ವಾರದ ಮೇಲೆ ಶೇಖವ್ವ ನಮ್ಮ ಹಿತ್ತಲಿಗೆ ಬಂದಳು. "ಈ ವಾರ ಡಾಕ್ಟರಮ್ಮ ಯಾವತ್ತರಿ?"

"ಗೊತ್ತಿಲ್ಲವ್ವಾ."

ಅವಳು ಹೋಗಲಿಲ್ಲ. ಬಾವಿಯ ಕಟ್ಟೆ ಹಿಡಿದು ನಿಂತಳು. ಗಾಳೆಪ್ಪನಿಗೆ ಹೇಳಿದರೆ ವಿಚಾರಿಸಿ ಬರುತ್ತಿದ್ದ. ಆದರೆ ಅದನ್ನೂ ಬಾಗಲಕೋಟೆಯಿಂದ ಶಿರೂರಿನವರೆಗೂ ಕೂಗುತ್ತಲೇ ಬರುತ್ತಿದ್ದ.

ಮರುದಿನ ಮೊದಲ ಬಸ್ಸು ಹತ್ತಿದೆ.

"ಅಕ್ಕಾರ, ಇಷ್ಟ ಲಗೂ ಎಲ್ಲಿಗ್ರಿ?" ಗಾಳೆಪ್ಪ ಬಾಗಿಲಿನಿಂದಲೇ ಕೇಳಿದ. ಬಸ್ಸೆಲ್ಲ ತಿರುಗಿ ನೋಡಿತು. ಮದುವೆಯಾಗದ ಹುಡುಗಿ ದವಾಖಾನೆಗೆ ಎಂದರೆ ಸಂಜೆಗೆ ಊರೆಲ್ಲ ಅದೇ ಮಾತು.

"ಪ್ಯಾಟಿಗಿ. ದಾರದುಂಡಿ ತರಬೇಕಿತ್ತು."

ಮುಂದಿನ ವಾರಕ್ಕೆ ಬೇರೆ ಏನಾದರೂ ನೆಪ ಹುಡುಕಬೇಕು. ತಲೆಯನ್ನು ಕಿಟಕಿಯ ಸರಳಿಗೆ ಆನಿಸಿ ಕಣ್ಣು ಮುಚ್ಚಿದೆ.